ಇಂಗ್ಲಿಷ್ ವಾಕ್ಯದಲ್ಲಿ ಪದಗಳ ಸ್ಥಾನ: ಚರಿತ್ರೆಯನ್ನು ಓದುವವರಿಗೆ ಕೆಲವು ವಿಚಾರಗಳು

ಚರಿತ್ರೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಒಮ್ಮೆ ನಮ್ಮ ಕಣ್ಣಿಗೆ ಒಂದು ವಿಚಿತ್ರವಾದ ವಾಕ್ಯ ಬಿದ್ದಿತು. 1792ರಲ್ಲಿ ಟಿಪ್ಪು ಸುಲ್ತಾನನು ಕಾರ್ನ್‌ವಾಲಿಸನನ್ನು ಸೋಲಿಸಿ ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟನೆಂದು ವಿದ್ಯಾರ್ಥಿಯೊಬ್ಬನು ಬರೆದಿದ್ದನು. ಗೆದ್ದವನು ರಾಜ್ಯವನ್ನೇಕೆ ಬಿಡಬೇಕೆಂಬ ಸಂದೇಹ ಅವನಿಗೆ ಹುಟ್ಟಿರಲಿಲ್ಲ. ವಿಚಾರಿಸಲಾಗಿ, ಅವನು ಓದಿದ ಇಂಗ್ಲಿಷ್ ವಾಕ್ಯ ಹೀಗಿತ್ತು: ‘ಟಿಪ್ಪು, ಡಿಫೀಟೆಡ್ ಬೈ ಕಾರ್ನ್‌ವಾಲಿಸ್, ಸೀಡೆಡ್ ಹಾಫ್ ಹಿಸ್ ಕಿಂಗ್‌ಡಮ್.’ ಇದರಲ್ಲಿನ ಒಂದೊಂದು ಪದದ ಅರ್ಥವನ್ನೂ ಅವನು ಬಲ್ಲವನಾಗಿದ್ದನು. ವಾಕ್ಯದ ರಚನೆ ಮಾತ್ರ ಅವನಿಗೆ ತಿಳಿದಿರಲಿಲ್ಲ. ಇಂತಹ ತಪ್ಪಿಗೆ ಕಾರಣವೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುವೆವು.

ಕನ್ನಡದಲ್ಲಿ ‘ಅರಸನು ಬಿಷಪನನ್ನು ಕಂಡನು’ ಎಂದರೂ ‘ಬಿಷಪನನ್ನು ಅರಸನು ಕಂಡನು’ ಎಂದರೂ ಸಂಗತಿ ಒಂದೇ. ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ವಿಭಕ್ತಿಪ್ರತ್ಯಯಗಳು ತಿಳಿಸುವುವು. ಪದಗಳು ಎಡೆ ಬದಲಿಸಿದರೆ ಒತ್ತು ಬದಲಾದೀತೇ ಹೊರತು ಅರ್ಥ ಕೆಡದು. ಇಂಗ್ಲಿಷಿನಲ್ಲಾದರೋ ‘ದಿ ಕಿಂಗ್ ಸಾ ದಿ ಬಿಷಪ್’ ಎಂಬುದನ್ನು ‘ದಿ ಬಿಷಪ್ ಸಾ ದಿ ಕಿಂಗ್’ ಎಂದು ತಿರುಗಿಸಿದೊಡನೆ ನೋಡಿದವನು ಬೇರೆಯೇ ಆಗುವನು. ನಮ್ಮಲ್ಲಿ ಪ್ರತ್ಯಯವು ಮಾಡುವ ಕೆಲಸವನ್ನು ಅಲ್ಲಿ ಸ್ಥಾನವು ಮಾಡುವುದು.

ಆ ಭಾಷೆ ಮೊದಲಿನಿಂದಲೂ ಹೀಗಿರಲಿಲ್ಲ. 871ರಿಂದ 899ರವರೆಗೆ ಆಳಿದ ಆಲ್‌ಫ್ರೆಡ್ ದೊರೆಯ ಕಾಲದ ಇಂಗ್ಲಿಷಿನಲ್ಲಿ ವಿಭಕ್ತಿಗಳಿದ್ದುವು. ‘ಸೆ ಕ್ಯುನಿಂಗ್ ಗೆಸೆಅಹ್ ಥೊನೆ ಬಿಷೊಪ್’ ಎಂದರೆ ಅರಸನು ಬಿಷಪನನ್ನು ಕಂಡನು. ಇಲ್ಲಿ ‘ಸೆ’ ಎಂಬ ನಿರ್ದೇಶಕಪದವು ಪ್ರಥಮೆಯನ್ನೂ ‘ಥೊನೆ’ ಎಂಬುದು ದ್ವಿತೀಯೆಯನ್ನೂ ಸೂಚಿಸುವುವು. ಆದಕಾರಣ ‘ಥೊನೆ ಬಿಷೊಪ್ ಗೆಸೆಅಹ್ ಸೆ ಕ್ಯುನಿಂಗ್’ ಎಂದು ಹೇಳಿದರೂ ನೋಡಿದವನು ಅರಸನೇ. ಈ ವಿಷಯದಲ್ಲಿ ಅಂದಿನ ಇಂಗ್ಲಿಷು ಇಂದಿನ ಇಂಗ್ಲಿಷಿಗಿಂತ ನಮ್ಮ ಕನ್ನಡಕ್ಕೆ ಹೆಚ್ಚು ಸಮೀಪವಾಗಿತ್ತೆನ್ನಬಹುದು.

ಮುಂದೆ ಈ ಪ್ರತ್ಯಯಗಳು ಸವೆದುಹೋದುವು. ಪದದ ಆದಿಯ ಅಕ್ಷರದ ಮೇಲೆ ಒತ್ತು ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ದುರ್ಬಲವಾದುವು. ಇಂಗ್ಲೆಂಡಿನಲ್ಲಿ ನೆಲಸಿದ ಸ್ಕಾಂಡಿನೇವಿಯನರ ಭಾಷೆಯೊಡನೆ ಉಂಟಾದ ಸಂಪರ್ಕವೂ ಇದಕ್ಕೆ ನೆರವಾಯಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. 1066ರ ನಾರ್ಮನ್ ವಿಜಯದ ತರುವಾಯ ಅರಮನೆಯ ವ್ಯವಹಾರದಲ್ಲಿ ಫ್ರೆಂಚ್ ನೆಲೆಗೊಂಡಿತು. ಹಳೆಯ ಬರಹದ ರೂಢಿಯನ್ನು ಕಾಪಾಡುವವರು ವಿರಳರಾದರು. ಪೀಟರ್‌ಬರೋ ಮಠದಲ್ಲಿ 1154ರವರೆಗೆ ಬರೆಯಲ್ಪಟ್ಟ ವೃತ್ತಾಂತದ ಕೊನೆಯ ಭಾಗಗಳಲ್ಲಿ ಈ ಸವೆತವು ಸ್ಪಷ್ಟವಾಗಿ ಕಾಣುವುದು. ಪ್ರತ್ಯಯವು ಹೋದಂತೆಲ್ಲ ಕರ್ತೃ, ಕ್ರಿಯೆ, ಕರ್ಮ ಎಂಬ ಅನುಕ್ರಮವು ಬಿಗಿಯಾಯಿತು. ‘ಹಿ’, ‘ಹಿಮ್’ ಮೊದಲಾದ ಸರ್ವನಾಮಗಳಲ್ಲಿ ಮಾತ್ರ ಹಳೆಯ ಭೇದದ ಗುರುತು ಉಳಿದಿದೆ.

ನಮ್ಮ ವಿದ್ಯಾರ್ಥಿಯು ಎಡವಿದ್ದು ಇಂತಹ ಸವೆತದಿಂದಲೇ ಉಂಟಾದ ಒಂದು ಸಂದಿನಲ್ಲಿ. ಹಿಂದೆ ‘ಪ್ರೀತಿಸಿದನು’ ಎಂಬುದಕ್ಕೆ ‘ಲುವೊಡೆ’ ಎಂದೂ ‘ಪ್ರೀತಿಸಲ್ಪಟ್ಟ’ ಎಂಬುದಕ್ಕೆ ‘ಗೆಲುವೊಡ್’ ಎಂದೂ ಬೇರೆಬೇರೆ ರೂಪಗಳಿದ್ದುವು. ಈಗ ಎರಡಕ್ಕೂ ‘ಲವ್ಡ್’ ಎಂಬುದೊಂದೇ ರೂಪ. ‘ಡಿಫೀಟ್’ ಎಂಬುದು ಫ್ರೆಂಚಿನಿಂದ ಬಂದ ಪದವಾದರೂ ಇದೇ ನಿಯಮಕ್ಕೆ ಒಳಪಟ್ಟಿತು. 1780ರ ಪೊಳ್ಳಿಲೂರಿನ ಯುದ್ಧವನ್ನು ಕುರಿತು ‘ಟಿಪ್ಪು ಡಿಫೀಟೆಡ್ ಬೇಯ್ಲಿ’ ಎಂದರೆ ಟಿಪ್ಪು ಗೆದ್ದನು. ‘ಟಿಪ್ಪು, ಡಿಫೀಟೆಡ್ ಬೈ ಕಾರ್ನ್‌ವಾಲಿಸ್’ ಎಂದರೆ ಸೋತನು. ಮೊದಲನೆಯದು ಪೂರ್ಣಕ್ರಿಯಾಪದ, ಎರಡನೆಯದು ಕೃದಂತ. ರೂಪದಲ್ಲಿ ಭೇದವಿಲ್ಲ, ಸುತ್ತಣ ಪದಗಳಿಂದಲೇ ಭೇದವನ್ನು ಅರಿಯಬೇಕು.

ಆದುದರಿಂದ ವಾಕ್ಯವನ್ನು ಓದುವಾಗ ಮೊದಲು ಪ್ರಧಾನ ಕ್ರಿಯಾಪದವನ್ನು ಹುಡುಕುವುದು ಯುಕ್ತ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊನೆಯಲ್ಲಿ ನಮಗಾಗಿ ಕಾದಿರುವುದು. ಇಂಗ್ಲಿಷಿನಲ್ಲಿ ನಡುವೆ ಅಡಗಿರುವುದು. ‘ದಿ ಆರ್ಮಿ ವಿಚ್ ಕಾರ್ನ್‌ವಾಲಿಸ್ ಲೆಡ್ ರೀಚ್ಡ್ ಶ್ರೀರಂಗಪಟ್ಟಣ’ ಎಂಬಲ್ಲಿ ಎರಡು ಕ್ರಿಯಾಪದಗಳು ಒತ್ತೊತ್ತಾಗಿ ನಿಂತಿವೆ. ನಾವು ‘ಕಾರ್ನ್‌ವಾಲಿಸನು ನಡೆಸಿದ ಸೈನ್ಯ’ ಎಂದು ವಿಶೇಷಣವನ್ನು ಮುಂದಿಡುವೆವು. ಅವರು ಸೈನ್ಯವನ್ನು ಮೊದಲು ಹೆಸರಿಸಿ ವಿಶೇಷಣವಾಕ್ಯವನ್ನು ಹಿಂದೆ ಸೇರಿಸುವರು. ಆ ಉಪವಾಕ್ಯವನ್ನು ಬೇರ್ಪಡಿಸಿದರೆ ಉಳಿಯುವುದು ‘ಸೈನ್ಯವು ಶ್ರೀರಂಗಪಟ್ಟಣವನ್ನು ತಲುಪಿತು’ ಎಂಬ ಪ್ರಧಾನವಾಕ್ಯ.

ಇನ್ನೊಂದು ಎಚ್ಚರವೂ ಅವಶ್ಯ. ಕರ್ಮಣಿಪ್ರಯೋಗದಲ್ಲಿ ಕರ್ಮವು ಮೊದಲ ಸ್ಥಾನಕ್ಕೆ ಬರುವುದು. ಕರ್ತೃವನ್ನು ಹೇಳದೆಯೇ ಬಿಡಬಹುದು. 1799ರ ಮೇ ತಿಂಗಳ ಸಂಗತಿಯನ್ನು ‘ಶ್ರೀರಂಗಪಟ್ಟಣ ವಾಸ್ ಪ್ಲಂಡರ್ಡ್’ ಎಂದು ಬರೆದರೆ ವ್ಯಾಕರಣದಲ್ಲಿ ಕೊರತೆಯಿಲ್ಲ. ಆದರೆ ಲೂಟಿ ಮಾಡಿದವರು ಕಂಪೆನಿಯ ಪಕ್ಷದ ಸೈನಿಕರೆಂಬುದು ವಾಕ್ಯದಿಂದ ಜಾರಿಹೋಗುವುದು. ಅಂತಹ ಕಡೆ ‘ಯಾರಿಂದ?’ ಎಂದು ಕೇಳುವುದು ಚರಿತ್ರಕಾರನ ಕರ್ತವ್ಯ.

ಇಂಗ್ಲಿಷ್ ವ್ಯಾಕರಣವನ್ನು 1762ರಲ್ಲಿ ಬರೆದ ಲೌತ್, 1795ರಲ್ಲಿ ಬರೆದ ಲಿಂಡ್ಲಿ ಮರ‍್ರೆ ಮೊದಲಾದವರು ಲ್ಯಾಟಿನ್ ವ್ಯಾಕರಣದ ಪರಿಭಾಷೆಯನ್ನೇ ಬಹುಮಟ್ಟಿಗೆ ಅನುಸರಿಸಿದರು. ಆ ಪರಂಪರೆಯಲ್ಲಿ ಪದಪದವನ್ನೂ ಬಿಡಿಸಿ ಅದರ ವರ್ಗವನ್ನು ಹೇಳಿಸುವ ಅಭ್ಯಾಸವು ಬಲವಾಯಿತು. ಅದು ವ್ಯರ್ಥವಲ್ಲ, ಆದರೆ ಸ್ಥಾನದ ಮಹತ್ವವನ್ನು ಅದರೊಡನೆ ಕಲಿಸದಿದ್ದರೆ ಸಾಲದು. ಆಕರಗಳನ್ನು ಓದಿಸುವ ಚರಿತ್ರೆಯ ಅಧ್ಯಾಪಕರೂ ಪಾಠದ ನಡುವೆ ಒಂದೆರಡು ಕಠಿನ ವಾಕ್ಯಗಳನ್ನು ಹಲಗೆಯ ಮೇಲೆ ಬರೆದು ಬಿಡಿಸಿ ತೋರಿಸುವುದು ಒಳ್ಳೆಯದು. ಮೇಲೆ ಹೇಳಿದ ವಿದ್ಯಾರ್ಥಿಗೆ ನಾವು ಮಾಡಿದುದು ಇಷ್ಟೇ. ‘ಸೀಡೆಡ್’ ಎಂಬುದರ ಕೆಳಗೆ ಗೆರೆಯೆಳೆದು, ಬಿಟ್ಟುಕೊಟ್ಟವನು ಯಾರೆಂದು ಕೇಳಿದೆವು; ಬಳಿಕ ‘ಬೈ’ ಎಂಬುದನ್ನು ತೋರಿಸಿದೆವು. ತನ್ನ ಉತ್ತರವನ್ನು ಅವನೇ ತಿದ್ದಿಕೊಂಡನು.