ಕಬ್ಬಿನೆಲೆಯ ಅಡಿಯ ಕಾವಲುಗಾರರು

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಇಂದಿನ ಬೇಸಾಯವನ್ನು ಘಟಪ್ರಭಾ ಹಾಗೂ ಹಿರಣ್ಯಕೇಶಿ ನದಿಗಳ ನೀರು, ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಮತ್ತು ಸುತ್ತಲಿನ ಸಕ್ಕರೆ ಕಾರ್ಖಾನೆಗಳು ಕೂಡಿ ರೂಪಿಸಿವೆ. ಒಂದು ಹೊಲದಲ್ಲಿ ಹೊಸ ನಾಟಿ, ಪಕ್ಕದ ಹೊಲದಲ್ಲಿ ಕಟಾವಾದ ಬುಡದಿಂದಲೇ ಚಿಗುರಿದ ಕುಳೆ ಕಬ್ಬು, ಹೀಗೆ ವರ್ಷದ ಯಾವ ತಿಂಗಳಲ್ಲೂ ಹಸಿರು ಕಬ್ಬಿನೆಲೆಗೆ ಕೊರತೆಯಿಲ್ಲದ ಇಂಥ ಸೀಮೆಯು ಆ ಎಲೆಯ ರಸವನ್ನೇ ನಂಬಿ ಬದುಕುವ ಕೀಟಕ್ಕೆ ಎಷ್ಟು ಅನುಕೂಲವಾದ ನೆಲೆ ಎಂಬುದು 2002ರಲ್ಲಿ ಸ್ಪಷ್ಟವಾಯಿತು.

ಆ ವರ್ಷದ ಮಳೆಗಾಲದಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆ ಹೇನು ಕೆಲವೇ ತಿಂಗಳುಗಳಲ್ಲಿ ಗಡಿ ದಾಟಿ ಬೆಳಗಾವಿ ಜಿಲ್ಲೆಯ ಕಬ್ಬಿಗೂ ಹಬ್ಬಿತು. ಈ ಕೀಟ ದೇಶಕ್ಕೆ ಹೊಸದೇನಲ್ಲ. 1958ರಲ್ಲೇ ಪಶ್ಚಿಮ ಬಂಗಾಳದ ಕೂಚ್ ಬಿಹಾರದಲ್ಲಿ ಅದು ದಾಖಲಾಗಿತ್ತು. ಎಲೆಯ ಅಡಿಭಾಗದಲ್ಲಿ ಗುಂಪುಗೂಡಿ ರಸ ಹೀರುವ, ಮೈಮೇಲೆ ಉಣ್ಣೆಯಂಥ ಮೇಣದ ಎಳೆಗಳನ್ನು ಹೊದ್ದ ಈ ಹೇನುಗಳಲ್ಲಿ ಹೆಣ್ಣುಗಳು ಗಂಡಿನ ಕೂಟವಿಲ್ಲದೆಯೇ ಮರಿ ಹಾಕುವುದರಿಂದ ಅವುಗಳ ಸಂಖ್ಯೆ ಬಹಳ ಬೇಗ ಏರುತ್ತದೆ. ಅವು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಎಲೆಗೆ ಬಿಸಿಲು ತಾಗದಂತಾಗುತ್ತದೆ. ಪರಿಣಾಮವಾಗಿ ಕಬ್ಬಿನ ತೂಕವೂ ಸಕ್ಕರೆಯ ಇಳುವರಿಯೂ ಇಳಿಯುತ್ತವೆ.

ಕೀಟನಾಶಕ ಸಿಂಪಡಿಸುವುದು ಎಲ್ಲರಿಗೂ ಮೊದಲು ತೋಚಿದ ದಾರಿ. ಆದರೆ ಆಳೆತ್ತರ ಮೀರಿ ಬೆಳೆದು ಒಂದಕ್ಕೊಂದು ಹೆಣೆದುಕೊಂಡ ಕಬ್ಬಿನೊಳಗೆ ಪಂಪು ಹೊತ್ತು ಹೋಗುವುದೇ ಕಷ್ಟ, ಹೋದರೂ ಎಲೆಯ ಅಡಿಗೆ ಔಷಧ ತಲುಪಿಸುವುದು ಇನ್ನೂ ಕಷ್ಟ. ಇದಕ್ಕಿಂತ ದೊಡ್ಡ ತೊಡಕೆಂದರೆ, ಆ ವಿಷವು ಹೇನಿನ ಜೊತೆಗೆ ಹೇನನ್ನು ತಿನ್ನುವ ಕೀಟಗಳನ್ನೂ ಕೊಲ್ಲುತ್ತಿತ್ತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಮೊದಲಾದ ಸಂಸ್ಥೆಗಳ ಕೀಟಶಾಸ್ತ್ರಜ್ಞರು ಈ ತಿನ್ನುವ ಕೀಟಗಳತ್ತಲೇ ಗಮನ ಹರಿಸಿದರು. ಬೇರೆ ಜೀವಿಯನ್ನು ಹಿಡಿದು ತಿನ್ನುವ ಇಂಥವುಗಳಿಗೆ ಪರಭಕ್ಷಕಗಳೆಂದೂ, ಅವುಗಳ ನೆರವಿನಿಂದ ಪೀಡೆಯನ್ನು ಹತೋಟಿಯಲ್ಲಿಡುವ ಕ್ರಮಕ್ಕೆ ಜೈವಿಕ ನಿಯಂತ್ರಣವೆಂದೂ ಹೆಸರು. ಹೇನಿನ ಗುಂಪಿನ ನಡುವೆ ರೇಷ್ಮೆಯ ನೂಲಿನಿಂದ ಸುರಂಗ ಕಟ್ಟಿಕೊಂಡು ಅಲ್ಲೇ ಕುಳಿತು ಮೇಯುವ ಡೈಫಾ ಎಂಬ ಪತಂಗದ ಹುಳು ಅವುಗಳಲ್ಲಿ ಒಂದು. ಮರಿಯಾಗಿದ್ದಾಗಲೂ ಬೆಳೆದ ಮೇಲೂ ಹೇನನ್ನೇ ತಿನ್ನುವ, ಕಂದು ಬಣ್ಣದ ಜಾಲರಿ ರೆಕ್ಕೆಯ ಮೈಕ್ರೋಮಸ್ ಇನ್ನೊಂದು. ಮೈಕ್ರೋಮಸ್‌ಅನ್ನು ಡಬ್ಬಿಗಳಲ್ಲಿಯೂ ಡೈಫಾವನ್ನು ನೆರಳು ಪರದೆಯ ಮನೆಗಳೊಳಗಿನ ಕಬ್ಬಿನ ಮೇಲೂ ಸಾಕಿ, ಹೆಕ್ಟೇರಿಗೆ ಸುಮಾರು 1000 ಡೈಫಾ ಹುಳುಗಳಂತೆ ಹೊಲಕ್ಕೆ ಬಿಡುವ ಪದ್ಧತಿ ಬಳಕೆಗೆ ಬಂತು. ಹುಳುಗಳಿರುವ ಎಲೆಯನ್ನು ಕತ್ತರಿಸಿ ಪೀಡೆ ಹತ್ತಿದ ಇನ್ನೊಂದು ಹೊಲದ ಕಬ್ಬಿಗೆ ಸಿಕ್ಕಿಸುವುದು ಅದಕ್ಕಿಂತ ಸರಳ ಉಪಾಯವಾಗಿತ್ತು. ಹೇನಿನ ದೇಹದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಸಣ್ಣ ಕಣಜವನ್ನು ಅಸ್ಸಾಮಿನಿಂದ ತರಿಸಿ ಬಿಡಲಾಯಿತು. ಪೀಡೆ ಹಳೆಯದಾಗಿರುವಲ್ಲಿ ಅದರ ವೈರಿಯೂ ಇರುತ್ತದೆಂಬ ತರ್ಕವೇ ಇದಕ್ಕೆ ಆಧಾರ. 2010ರಲ್ಲಿ ಪಪ್ಪಾಯಿಯ ಹಿಟ್ಟುತಿಗಣೆಗೆಂದು ಪೋರ್ಟೊರಿಕೊದಿಂದ ಕಣಜಗಳನ್ನು ತರಿಸಿದಾಗಲೂ ಅದೇ ತರ್ಕ ಫಲಿಸಿತು.

ಈ ವಿಧಾನ ರೈತನಿಂದ ಬೇಡುವುದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು. ಹೇನು ಕಂಡೊಡನೆ ಸಿಂಪಡಿಸದೆ, ಎಲೆ ಮಗುಚಿ ಪರಭಕ್ಷಕಗಳಿವೆಯೇ ಎಂದು ನೋಡಿ, ಇದ್ದರೆ ಕೆಲವು ವಾರ ಕಾಯಬೇಕು. ಸಾಲ ಮಾಡಿ ಬೆಳೆ ಬೆಳೆದವನಿಗೆ ಇದು ಸುಲಭದ ಮಾತಲ್ಲ. ಅಲ್ಲದೆ ಹೇನು ಪೂರ್ತಿ ನಾಶವಾದರೆ ಅದನ್ನು ತಿನ್ನುವ ಹುಳುವೂ ಉಳಿಯದು, ಆದ್ದರಿಂದ ಸ್ವಲ್ಪ ಪೀಡೆಯನ್ನು ಹೊಲದಲ್ಲಿ ಸಹಿಸಿಕೊಳ್ಳುವುದೂ ಈ ವಿಜ್ಞಾನದ ಭಾಗವೇ ಆಗಿದೆ. ಕಟಾವಿನ ನಂತರ ರವದಿಗೆ, ಅಂದರೆ ಒಣಗಿದ ಸೋಗೆಗೆ, ಬೆಂಕಿ ಇಡುವ ರೂಢಿ ಮಾತ್ರ ಇದಕ್ಕೆ ವಿರುದ್ಧವಾದುದು. ಮಣ್ಣಿಗೆ ಸೇರಬೇಕಾದ ಸಾವಯವ ಅಂಶದೊಂದಿಗೆ ರವದಿಯಲ್ಲಿ ಅಡಗಿರುವ ಉಪಕಾರಿ ಕೀಟಗಳೂ ಅದರಲ್ಲಿ ಸುಟ್ಟುಹೋಗುತ್ತವೆ.

ಇದೇ ಸೀಮೆಯ ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರವು ಕಬ್ಬಿನ ಹೊಸ ತಳಿಗಳಿಗೆ ಹೆಸರಾಗಿದೆ. ತಳಿಯಾದರೆ ಒಮ್ಮೆ ಬಿಡುಗಡೆಯಾದ ಮೇಲೆ ರೈತರಿಂದ ರೈತರಿಗೆ ತಾನೇ ಹಬ್ಬಿಕೊಳ್ಳುತ್ತದೆ. ಸಾಕಿದ ಕೀಟದ ವಿಷಯ ಹಾಗಲ್ಲ. ಪೀಡೆಯ ಸುದ್ದಿಯಿಲ್ಲದ ವರ್ಷಗಳಲ್ಲೂ ಅದರ ಸಂತತಿಯನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಳ್ಳಬೇಕಾಗುತ್ತದೆ, ಮತ್ತು ಆ ವೆಚ್ಚವನ್ನು ವಿಶ್ವವಿದ್ಯಾಲಯ ಹೊರಬೇಕೋ, ಕಬ್ಬಿನಿಂದ ಲಾಭ ಪಡೆಯುವ ಕಾರ್ಖಾನೆಗಳು ಹೊರಬೇಕೋ ಎಂಬುದನ್ನು ಮುಂದಿನ ಪೀಡೆ ಬರುವ ಮೊದಲೇ ನಿರ್ಧರಿಸಬೇಕಾಗಿದೆ.