ಸಂಘದ ಆನ್‌ಲೈನ್ ಖಾತೆ: ಕೀಲಿ ಯಾರ ಕೈಯಲ್ಲಿರಬೇಕು?



ಸಂಘದಲ್ಲಿ ಹಾಲು ಅಳೆಯುವವರು ಒಬ್ಬರಾದರೆ ಜಿಡ್ಡು ಪರೀಕ್ಷಿಸುವವರು ಮತ್ತೊಬ್ಬರು. ಬ್ಯಾಂಕಿನಿಂದ ಹಣ ತೆಗೆಯಬೇಕಾದರೆ ಚೆಕ್ಕಿನ ಮೇಲೆ ಎರಡು ಸಹಿ ಬೇಕು. ಇದು ಯಾರ ಮೇಲಿನ ಅಪನಂಬಿಕೆಯಿಂದಲೂ ಮಾಡಿದ ಏರ್ಪಾಡಲ್ಲ. ಒಬ್ಬರ ಕಣ್ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂಬುದೇ ಇದರ ಉದ್ದೇಶ. ಆದರೆ ಇದೇ ಲೆಕ್ಕ ಪುಸ್ತಕದಿಂದ ಮೊಬೈಲಿಗೆ ಬಂದ ಕೂಡಲೇ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಒಂದೇ ಖಾತೆ, ಒಂದೇ ಪಾಸ್‌ವರ್ಡ್, ಅದೂ ಗೋಡೆಯ ಕ್ಯಾಲೆಂಡರಿನ ಮೇಲೆ!

ಒಂದು ಹಸುವಿನ ಕಥೆ

ಒಂದು ಊರಿನ ಸಂಘದಲ್ಲಿ ರಾಸುಗಳ ದಾಖಲೆಯನ್ನು ಗೂಗಲ್ ಶೀಟಿನಲ್ಲಿ ಇಡಲಾಗಿತ್ತು. ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಕೃತಕ ಗರ್ಭಧಾರಣೆಯ ದಿನಾಂಕ, ಗರ್ಭ ಪರೀಕ್ಷೆಯ ಫಲಿತಾಂಶ, ಲಸಿಕೆಯ ದಿನಾಂಕ ಎಲ್ಲವೂ ಅದರಲ್ಲಿದ್ದವು. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಕೆಲಸ ಸುಲಭ ಎಂದು ಸಲಹೆ ನೀಡಿದವನು ನಾನೇ.

ಒಂದು ದಿನ ಯಾರೋ ದಿನಾಂಕದ ಕಾಲಂ ಒಂದನ್ನೇ ಆರಿಸಿ ಕ್ರಮವಾಗಿ ಜೋಡಿಸಿದರು. ಆ ಕಾಲಂ ಮಾತ್ರ ಅದಲುಬದಲಾಯಿತು, ಉಳಿದವು ಇದ್ದಲ್ಲಿಯೇ ಉಳಿದವು. ಒಂದು ಹಸುವಿನ ಗರ್ಭಧಾರಣೆಯ ದಿನಾಂಕ ಇನ್ನೊಂದು ಹಸುವಿನ ಮುಂದೆ ಬಂದು ಕುಳಿತಿತು. ಇದನ್ನು ಸರಿಪಡಿಸಲು ಹೋದ ಮತ್ತೊಬ್ಬರು ದಿನಾಂಕಕ್ಕೆ ಹೊಂದುವುದಿಲ್ಲವೆಂದು ಗರ್ಭ ಪರೀಕ್ಷೆಯ ಫಲಿತಾಂಶವನ್ನೂ ಅಳಿಸಿದರು.

ಆ ಪಟ್ಟಿಯಲ್ಲಿ ನಾಲ್ಕು ತಿಂಗಳ ಗಬ್ಬದ ಹಸುವೊಂದಿತ್ತು. ಕೆಲವು ರಾಸುಗಳು ಗರ್ಭ ಧರಿಸಿದ ಮೇಲೂ ಬೆದೆಯ ಲಕ್ಷಣ ತೋರಿಸುತ್ತವೆ, ಇದೂ ಹಾಗೆಯೇ ತೋರಿಸಿತು. ಕಾರ್ಯಕರ್ತರು ಮೊಬೈಲ್ ನೋಡಿದರು. ಫಲಿತಾಂಶದ ಜಾಗ ಖಾಲಿಯಿತ್ತು, ದಿನಾಂಕ ತೀರಾ ಹಳೆಯದಾಗಿತ್ತು. ಗಬ್ಬವಿಲ್ಲವೆಂದು ತಿಳಿದು ಪುನಃ ಕೃತಕ ಗರ್ಭಧಾರಣೆ ಮಾಡಿದರು. ಕೆಲವೇ ದಿನಗಳಲ್ಲಿ ಹಸು ಕಂದು ಹಾಕಿತು. ಒಂದು ಕರುವೂ ಹೋಯಿತು, ಮುಂದಿನ ಸೂಲಿನ ಹಾಲೂ ಹೋಯಿತು. ಆ ಮನೆಗೆ ಇದ್ದದ್ದು ಅದೊಂದೇ ಕರೆಯುವ ಹಸು.

ತಪ್ಪು ಎಲ್ಲಿಂದ ಬಂತೆಂದು ಹುಡುಕಿದರೆ ಎಲ್ಲ ತಿದ್ದುಪಡಿಗಳೂ ಸಂಘದ ಒಂದೇ ಖಾತೆಯ ಹೆಸರಿನಲ್ಲಿದ್ದವು. ಯಾರು ತಿದ್ದಿದರೆಂದು ತಿಳಿಯಲೇ ಇಲ್ಲ. ಸಂಶಯ ಮಾತ್ರ ಎಲ್ಲರ ಮೇಲೂ ಬಂತು.

ಯಾರಿಗೆ ಎಷ್ಟು ಅಧಿಕಾರ?

ಇಂತಹ ಶೀಟಿನಲ್ಲಿ ಪಾಸ್‌ವರ್ಡ್ ಹಂಚುವ ಅಗತ್ಯವೇ ಇಲ್ಲ. ಪ್ರತಿಯೊಬ್ಬರನ್ನೂ ಅವರವರ ಇ-ಮೇಲ್ ವಿಳಾಸದ ಮೂಲಕವೇ ಸೇರಿಸಬಹುದು. ಹೀಗೆ ಸೇರಿಸುವಾಗ ಮೂರು ದರ್ಜೆಗಳಿವೆ.

1. ವ್ಯೂವರ್: ನೋಡಬಹುದು, ತಿದ್ದಲಾಗದು. ಆಡಳಿತ ಮಂಡಳಿಯ ನಿರ್ದೇಶಕರಿಗೆ ಇದು ಸಾಕು.

2. ಕಾಮೆಂಟರ್: ನೋಡಬಹುದು, 'ಇಲ್ಲಿ ತಪ್ಪಿದೆ' ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು. ಹಾಲು ಪರೀಕ್ಷಕರಿಗೆ ಇದು ಸೂಕ್ತ.

3. ಎಡಿಟರ್: ಬರೆಯಬಹುದು, ಅಳಿಸಬಹುದು. ದಾಖಲೆ ಬರೆಯುವ ಕಾರ್ಯದರ್ಶಿ ಮತ್ತು ಕೃತಕ ಗರ್ಭಧಾರಣೆ ಕಾರ್ಯಕರ್ತರಿಗೆ ಮಾತ್ರ ಇದನ್ನು ಕೊಡಬೇಕು.

ಎಡಿಟರ್ ಆದವರು ಬೇರೆಯವರನ್ನು ಸೇರಿಸದಂತೆ ತಡೆಯುವ ಅವಕಾಶ ಶೀಟಿನ ಮಾಲೀಕರಿಗಿದೆ. ಗರ್ಭ ಪರೀಕ್ಷೆಯ ಕಾಲಂನಂತಹ ಮುಖ್ಯ ಭಾಗಕ್ಕೆ ಪ್ರತ್ಯೇಕ ರಕ್ಷಣೆ ಹಾಕಿ, ಪರೀಕ್ಷೆ ಮಾಡಿದ ವೈದ್ಯರು ಮಾತ್ರ ತಿದ್ದುವಂತೆಯೂ ಮಾಡಬಹುದು. ಲಿಂಕ್ ಸಿಕ್ಕವರೆಲ್ಲರೂ ತೆರೆಯುವಂತೆ ಮಾತ್ರ ಎಂದೂ ಬಿಡಕೂಡದು. ಆ ಲಿಂಕ್ ವಾಟ್ಸಾಪಿನಲ್ಲಿ ಊರೂರು ತಿರುಗುತ್ತದೆ. ಸದಸ್ಯರ ಬ್ಯಾಂಕ್ ಖಾತೆ ಮತ್ತು ಆಧಾರ್ ಸಂಖ್ಯೆಗಳನ್ನು ರಾಸುಗಳ ಶೀಟಿನಲ್ಲಿ ಇಡಲೇಬಾರದು.

ತಪ್ಪಾಗಿದ್ದರೆ ಗಾಬರಿ ಬೇಡ. 'ವರ್ಷನ್ ಹಿಸ್ಟರಿ' ಎಂಬಲ್ಲಿ ಹಿಂದಿನ ದಿನಗಳ ಪ್ರತಿಗಳು ಸಿಗುತ್ತವೆ. ನಾವು ಉಳಿದ ರಾಸುಗಳ ದಾಖಲೆಯನ್ನು ಹೀಗೆಯೇ ಮರಳಿ ಪಡೆದೆವು. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲೇ ಪ್ರವೇಶಿಸಿದ್ದರೆ ಯಾರು, ಯಾವಾಗ ತಿದ್ದಿದರೆಂಬುದೂ ಅಲ್ಲಿಯೇ ಕಾಣುತ್ತದೆ. ಇದರಿಂದ ತಪ್ಪು ಬೇಗ ಸಿಗುತ್ತದೆ, ನಿರಪರಾಧಿಯ ಮೇಲೆ ಅಪವಾದವೂ ಬರುವುದಿಲ್ಲ.

ಕಾರ್ಯದರ್ಶಿ ಬದಲಾದಾಗ

ಬೀರುವಿನ ಬೀಗದ ಕೈ ಒಪ್ಪಿಸಿಕೊಳ್ಳುವಂತೆಯೇ ಆನ್‌ಲೈನ್ ಖಾತೆಯನ್ನೂ ಅದೇ ದಿನ ಒಪ್ಪಿಸಿಕೊಳ್ಳಬೇಕು.

* ಖಾತೆಯು ಸಂಘದ ಹೆಸರಿನಲ್ಲಿರಬೇಕು, ಕಾರ್ಯದರ್ಶಿಯ ಸ್ವಂತ ಇ-ಮೇಲ್ ಆಗಿರಬಾರದು.
* ಹೊಸ ಪಾಸ್‌ವರ್ಡ್ ಹಾಕಬೇಕು. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯನ್ನೂ ಬದಲಿಸಬೇಕು. ಹಳೆಯ ಸಂಖ್ಯೆ ಉಳಿದರೆ ಪಾಸ್‌ವರ್ಡ್ ಬದಲಿಸಿಯೂ ಪ್ರಯೋಜನವಿಲ್ಲ.
* ಹಳೆಯ ಮೊಬೈಲ್ ಮತ್ತು ಕಂಪ್ಯೂಟರುಗಳಿಂದ ಖಾತೆಯನ್ನು ಸೈನ್ ಔಟ್ ಮಾಡಬೇಕು. ಕೆಲಸ ಬಿಟ್ಟವರ ಹೆಸರನ್ನು ಶೀಟಿನಿಂದ ತೆಗೆಯಬೇಕು.
* ಹೊಸ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ, ಅಧ್ಯಕ್ಷರ ಸಹಿಯೊಂದಿಗೆ ಬೀರುವಿನಲ್ಲಿಡಬೇಕು. ಕಾರ್ಯದರ್ಶಿ ಕಾಯಿಲೆ ಬಿದ್ದರೂ ಕೆಲಸ ನಿಲ್ಲದು.
* ಯಾರಿಗೆ ಯಾವ ಅಧಿಕಾರ ಕೊಟ್ಟಿದೆ ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಆರು ತಿಂಗಳಿಗೊಮ್ಮೆ ಓದಿ ನೋಡಬೇಕು.

ಸದಸ್ಯರು ಮಾಡಬೇಕಾದ್ದು

'ಇದೆಲ್ಲ ಕಾರ್ಯದರ್ಶಿಯ ಕೆಲಸ, ನಮಗೇಕೆ?' ಎಂದು ತಾವು ಕೇಳಬಹುದು. ಹಸು ತಮ್ಮದು, ನಷ್ಟವೂ ತಮ್ಮದೇ. ಆದ್ದರಿಂದ ತಿಂಗಳಿಗೊಮ್ಮೆ ತಮ್ಮ ರಾಸಿನ ಕಿವಿಯೋಲೆ ಸಂಖ್ಯೆ ಹೇಳಿ ದಾಖಲೆಯನ್ನು ಓದಿಸಿ ಕೇಳಿ. ಗರ್ಭಧಾರಣೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಕೊಳ್ಳಿ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310 ದಿನ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಬೇಕು. ದಿನಾಂಕ ತಪ್ಪಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ.

ಮೊಬೈಲಿಗೆ ಬರುವ ಓಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ, ಅವರು ಯಾರ ಹೆಸರು ಹೇಳಿದರೂ, ಕೊಡಬೇಡಿ. ಕೊನೆಯದಾಗಿ, ಮೊಬೈಲಿನ ದಾಖಲೆ ಏನೇ ಹೇಳಲಿ, ಹಿಂದೆ ಕೃತಕ ಗರ್ಭಧಾರಣೆಯಾದ ಹಸು ತಿಂಗಳುಗಳ ನಂತರ ಬೆದೆಗೆ ಬಂದಂತೆ ಕಂಡರೆ, ಮೊದಲು ಗರ್ಭ ಪರೀಕ್ಷೆ ಮಾಡಿಸಿ, ನಂತರವೇ ಮುಂದಿನ ಮಾತು.

ಈ ಏರ್ಪಾಡು ಮಾಡಲು ಅರ್ಧ ದಿನ ಸಾಕು, ಖರ್ಚು ಏನೂ ಇಲ್ಲ. ತಮ್ಮ ಸಂಘದ ಮುಂದಿನ ಸಭೆಯಲ್ಲಿಯೇ ಈ ವಿಷಯ ಎತ್ತಿ. ಸಹಾಯ ಬೇಕಾದಲ್ಲಿ ತಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕರೆಯಿರಿ, ಖಂಡಿತ ಬಂದು ಮಾಡಿಕೊಡುತ್ತೇವೆ.