ಸಾವಿರ ಮೈಲಿಗೆ ಹೊರಟ ಮುದಿ ಕಾರುಗಳು

ಉತ್ತರ ಇಟಲಿಯ ಬ್ರೆಷಾ ಊರಿನಲ್ಲಿ ವರ್ಷಕ್ಕೊಮ್ಮೆ ಸುಮಾರು ನಾನೂರು ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಒಂದೊಂದಾಗಿ ಇಳಿಜಾರು ವೇದಿಕೆಯಿಂದ ಇಳಿದು, ಗುಡುಗುತ್ತ, ಹೊಗೆ ಬಿಡುತ್ತ ರೋಮ್‌ನತ್ತ ಹೊರಡುತ್ತವೆ. ಈ ಸಾಲಿನಲ್ಲಿ 1957ರ ನಂತರ ತಯಾರಾದ ಕಾರಿಗೆ ಜಾಗವಿಲ್ಲ. ಕೆಲವಕ್ಕಂತೂ ತೊಂಬತ್ತು ದಾಟಿದೆ! ರೋಮ್ ಮುಟ್ಟಿ, ಬೆಟ್ಟಗಳನ್ನು ಹತ್ತಿಳಿದು ಮತ್ತೆ ಬ್ರೆಷಾಕ್ಕೇ ಬರಬೇಕು. ಒಟ್ಟು ಸಾವಿರ ಮೈಲಿ, ಅಂದರೆ ಸುಮಾರು 1600 ಕಿಲೋಮೀಟರ್. ಈಚಿನ ವರ್ಷಗಳಲ್ಲಿ ದಾರಿ ಇನ್ನಷ್ಟು ಉದ್ದವಾಗಿದೆ. ಇಟಲಿಯವರು ಇದನ್ನು ಕರೆಯುವುದು ‘ಮಿಲ್ಲೆ ಮಿಲ್ಯ’ ಎಂದು. ಹಾಗೆಂದರೆ ಸಾವಿರ ಮೈಲಿ ಎಂದೇ ಅರ್ಥ.

ಹಣವಿದ್ದವರ ಶೋಕಿ ಎಂದು ಮೂಗು ಮುರಿಯುವವರು ಇದ್ದೇ ಇದ್ದಾರೆ. ಶೋಕಿ ಹೌದು. ಆದರೆ ಈ ಕಾರುಗಳು ಇಂದು ನಿಧಾನವಾಗಿ ಓಡುವುದರ ಹಿಂದೆ ಒಂದು ಕಹಿ ಚರಿತ್ರೆಯಿದೆ.

1921ರಲ್ಲಿ ಇಟಲಿಯ ಮೊದಲ ಗ್ರ್ಯಾನ್ ಪ್ರಿ ಪಂದ್ಯ ನಡೆದದ್ದು ಬ್ರೆಷಾ ಬಳಿ. ಮರುವರ್ಷವೇ ಅದು ಮೊಂಜಾದ ಪಾಲಾಯಿತು. ಊರಿನ ಮಾನ ಹೋಯಿತೆಂದು ಕುದಿಯುತ್ತಿದ್ದ ಅಲ್ಲಿನ ಉತ್ಸಾಹಿಗಳು 1927ರಲ್ಲಿ ಸಾರ್ವಜನಿಕ ರಸ್ತೆಯ ಮೇಲೆಯೇ ಈ ಪಂದ್ಯ ಹೂಡಿದರು. ಗೆದ್ದದ್ದು ಬ್ರೆಷಾದಲ್ಲೇ ತಯಾರಾಗುತ್ತಿದ್ದ ಓ.ಎಂ. ಕಾರು. ಹಿಡಿದ ಸಮಯ 21 ಗಂಟೆಗಿಂತ ತುಸು ಹೆಚ್ಚು. 1955ರಲ್ಲಿ ಮರ್ಸಿಡಿಸ್ ಓಡಿಸಿದ ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಅದೇ ಸಾವಿರ ಮೈಲಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು! ಪಕ್ಕದಲ್ಲಿ ಕುಳಿತಿದ್ದವರು ಪತ್ರಕರ್ತ ಡೆನಿಸ್ ಜೆಂಕಿನ್‌ಸನ್. ದಾರಿಯ ತಿರುವುಗಳನ್ನೆಲ್ಲ ಮೊದಲೇ ನೋಡಿ, ಉದ್ದನೆಯ ಕಾಗದದ ಸುರುಳಿಯ ಮೇಲೆ ಬರೆದುಕೊಂಡಿದ್ದರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದು; ಹಾಗಾಗಿ ಎಲ್ಲವೂ ಕೈಸನ್ನೆ. ಮಾಸ್ ಅವರ ಚಾಕಚಕ್ಯತೆಯಷ್ಟೇ ಈ ಹೋಂವರ್ಕಿಗೂ ಗೆಲುವಿನಲ್ಲಿ ಪಾಲಿದೆ.

ಎರಡೇ ವರ್ಷ. 1957ರ ಮೇ 12ರಂದು, ಗುರಿ ಇನ್ನೇನು ಹತ್ತಿರವಿದ್ದಾಗ, ಸ್ಪೇನಿನ ಅಲ್ಫೊನ್ಸೊ ದೆ ಪೊರ್ತಾಗೊ ಓಡಿಸುತ್ತಿದ್ದ ಫೆರಾರಿಯ ಟೈರು ಸಿಡಿಯಿತು. ಕಾರು ರಸ್ತೆ ಬದಿಯ ಜನರ ಮೇಲೆ ಹಾರಿತು. ಆತ, ಜತೆಗಾರ ಎಡ್ಮಂಡ್ ನೆಲ್ಸನ್ ಮತ್ತು ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಅಲ್ಲಿಗೆ ವೇಗದ ಪಂದ್ಯ ಮುಗಿಯಿತು.

ಇಪ್ಪತ್ತು ವರ್ಷ ಕಳೆದು 1977ರಲ್ಲಿ ಮಿಲ್ಲೆ ಮಿಲ್ಯ ಮತ್ತೆ ಶುರುವಾದಾಗ ನಿಯಮವೇ ತಲೆಕೆಳಗಾಗಿತ್ತು. ಈಗ ಮೊದಲು ತಲುಪಿದವನು ಗೆಲ್ಲುವುದಿಲ್ಲ. ಹೇಳಿದ ಸಮಯಕ್ಕೆ ಸರಿಯಾಗಿ ತಲುಪಿದವನು ಗೆಲ್ಲುತ್ತಾನೆ. ರಸ್ತೆಗೆ ಅಡ್ಡಲಾಗಿ ರಬ್ಬರ್ ಕೊಳವೆ ಹಾಸಿರುತ್ತಾರೆ. ಚಕ್ರ ಅದನ್ನು ಒತ್ತಿದ ಕ್ಷಣವನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ ಅಳೆಯುತ್ತಾರೆ. ಬೇಗ ಹೋದರೂ ತಪ್ಪು, ತಡವಾದರೂ ತಪ್ಪು.

ಶಾಲೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. 6 ಕಿ.ಮೀ. ದಾರಿಯನ್ನು ಗಂಟೆಗೆ 40 ಕಿ.ಮೀ. ಸರಾಸರಿಯಲ್ಲಿ ಮುಗಿಸಬೇಕು ಎನ್ನಿ. ಮೊದಲ ಅರ್ಧ ಏರು ದಾರಿ. ಕಾರು 30ರ ವೇಗದಲ್ಲಿ ಏದುತ್ತ ಹತ್ತಿತು. ಉಳಿದರ್ಧಕ್ಕೆ ಎಷ್ಟು ವೇಗ ಬೇಕು? ಐವತ್ತು ಎನ್ನುವವರೇ ಹೆಚ್ಚು. ಅಲ್ಲ! ಒಟ್ಟು ಸಮಯ 9 ನಿಮಿಷ. ಏರಿನ 3 ಕಿ.ಮೀ.ಗೇ 6 ನಿಮಿಷ ಹೋಯಿತು. ಉಳಿದ 3 ಕಿ.ಮೀ. 3 ನಿಮಿಷದಲ್ಲಿ ಆಗಬೇಕು, ಅಂದರೆ ಗಂಟೆಗೆ 60. ಐವತ್ತರಲ್ಲೇ ಬಂದವರು 36 ಸೆಕೆಂಡು ತಡ. ನೂರನೇ ಒಂದು ಸೆಕೆಂಡಿಗೆ ಹೋರಾಡುವ ಕಡೆ ಅಷ್ಟು ತಡವಾದರೆ ಗೆಲುವಿನ ಆಸೆ ಬಿಡಬೇಕು.

ಆದರೆ ಲೆಕ್ಕ ಬಂದರೆ ಸಾಲದು, ಕಾರು ಬರಬೇಕಲ್ಲ! ದಾರಿಯಲ್ಲಿ ಆಪೆನೈನ್ ಪರ್ವತದ ಫೂತಾ, ರಾತಿಕೋಜಾ ಎಂಬ ಘಟ್ಟಗಳಿವೆ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಿದರೆ ಕೆಟ್ಟಂತೆ. ಹಳೆಯ ಡ್ರಮ್ ಬ್ರೇಕು ಬಿಸಿಯೇರಿದಂತೆ ಡ್ರಮ್ಮು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಲೈನಿಂಗ್ ಕೂಡ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಎಷ್ಟು ಒತ್ತಿದರೂ ಕಾರು ನಿಲ್ಲದು. ಅದಕ್ಕೇ ಬಲ್ಲವರು ಕೆಳಗಿನ ಗೇರಿಗೆ ಇಳಿಸಿ, ಎಂಜಿನ್ನಿನಿಂದಲೇ ವೇಗ ತಡೆಯುತ್ತಾರೆ. ಗೇರ್ ಬದಲಿಸುವುದೂ ಸಲೀಸಲ್ಲ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಎಂಜಿನ್ ವೇಗ ಹೊಂದಿಸಿ, ಮತ್ತೆ ಕ್ಲಚ್ ಒತ್ತಬೇಕು. ನಮ್ಮ ಹಳೆಯ ಲಾರಿ ಡ್ರೈವರುಗಳು ಇದನ್ನು ಡಬಲ್ ಕ್ಲಚ್ ಎನ್ನುತ್ತಿದ್ದರು.

ವಿಚಿತ್ರವೆಂದರೆ ಓಡುವಾಗ ಸುಮ್ಮನಿರುವ ಈ ಕಾರುಗಳು ನಿಂತಾಗಲೇ ತೊಂದರೆ ಕೊಡುತ್ತವೆ. ಊರೊಳಗಿನ ಜನಜಂಗುಳಿಯಲ್ಲಿ ಸಿಕ್ಕಿಕೊಂಡರೆ ರೇಡಿಯೇಟರಿಗೆ ಗಾಳಿಯಿಲ್ಲ, ನೀರು ಕುದಿಯುತ್ತದೆ. ಪೈಪಿನಲ್ಲಿನ ಪೆಟ್ರೋಲೂ ಆವಿಯಾಗಿ ಗುಳ್ಳೆ ಕಟ್ಟಿದರೆ ಎಂಜಿನ್ ಸ್ತಬ್ಧ. ಆಗ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಮದ್ದು.

ಇಂಧನವೂ ಬದಲಾಗಿದೆ. ಹಿಂದಿನ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಕೂರುವ ಜಾಗ ಸವೆಯದಂತೆ ಕಾಪಾಡುತ್ತಿತ್ತು. ಅದು ಮನುಷ್ಯರಿಗೆ, ಅದರಲ್ಲೂ ಮಕ್ಕಳ ಮಿದುಳಿಗೆ ವಿಷ. 2000ದ ಹೊತ್ತಿಗೆ ಭಾರತದಲ್ಲೂ ಯುರೋಪಿನ ಹಲವು ದೇಶಗಳಲ್ಲೂ ಸೀಸದ ಪೆಟ್ರೋಲ್ ಮಾರಾಟಕ್ಕೆ ತೆರೆ ಬಿತ್ತು. ಮುದಿ ಎಂಜಿನ್ನುಗಳಿಗೆ ಗಟ್ಟಿ ಲೋಹದ ವಾಲ್ವ್ ಸೀಟು ಕೂರಿಸಿಕೊಳ್ಳುವುದು ದುಬಾರಿ ನಿಜ, ಆದರೆ ದೂರಲು ಕಾರಣವಿಲ್ಲ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಹಳೆಯ ರಬ್ಬರ್ ಪೈಪುಗಳನ್ನು ಕೊರೆಯುತ್ತದೆ. ಹೊರಡುವ ಮೊದಲು ಅವನ್ನೂ ಬದಲಿಸಬೇಕು. ಟೈರುಗಳ ಮಾತು ಹೇಳಲೇಬೇಕಿಲ್ಲ. ಗೀರು ಸವೆಯದೆ ಹೊಸದರಂತೆ ಕಂಡರೂ ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ.

2020ರಲ್ಲಿ ಕೊರೊನಾ ಹಾವಳಿಯಿಂದ ಮೇ ತಿಂಗಳ ಓಟ ಅಕ್ಟೋಬರಿಗೆ ಹೋಯಿತು. ಆ ಸಲ ಗೆದ್ದದ್ದು ಅಪ್ಪ–ಮಗನ ಜೋಡಿ, ರಾಬರ್ತೊ ಮತ್ತು ಆಂದ್ರೆಯಾ ವೆಸ್ಕೊ. ಅವರ ಕಾರು ಆಲ್ಫಾ ರೋಮಿಯೊ, 1929ರದು. ಆಗ ಅದಕ್ಕೆ 91 ವರ್ಷ.